ಮೇಜಿನ ಅಂಚಿನ ಮೈನಸ್

ಕಾಲೇಜಿನ ಗಣಿತದ ಮೇಷ್ಟ್ರು ಕೊಟ್ಟ ಚೀಟಿಯಲ್ಲಿ ಮೇಜಿನ ಉದ್ದಗಲ ಬಿಟ್ಟರೆ ಇದ್ದದ್ದು ಒಂದೇ ಸಾಲು: ‘ಕೂರುವ ಕಡೆಯ ಅಂಚು y = −x² ÷ 40, ಅಂಗುಲದಲ್ಲಿ. ಗೆರೆಯ ಕೆಳಗೆ ಮರ, ಮೇಲೆ ಕುರ್ಚಿ.’

“ನನಗೆ ಮೊದಲು ಇಂಥದ್ದೊಂದು ಮೇಜು ಮಾಡಿಕೊಡಿ. ಯಾಕೆ ಹೀಗೆ ಅಂತ ಕೇಳ್ಬೇಡಿ. ಸಂಜೆ ನಾಲ್ಕಕ್ಕೆ ಬರ್ತೀನಿ. ಸರಿಯಾಗಿದ್ರೆ ಕಾಲೇಜಿಗೆ ಬೇಕಾದ ಇಪ್ಪತ್ತು ಮೇಜಿನ ಕೆಲಸವೂ ನಿಮಗೇ,” ಎಂದು ಹೇಳಿ ಅವರು ಹೊರಟುಹೋಗಿದ್ದರು.

ಬಡಗಿಯನ್ನು ಬೀದಿಯವರು ಕರೆಯುತ್ತಿದ್ದುದು ದಶಮಾಂಶ ಎಂದು. ಮೊಳೆ ಹೊಡೆಯುವುದಕ್ಕೂ ಲೆಕ್ಕ ಹಾಕುವ ಆಸಾಮಿ. ಹಳೇ ಸಾಮಾನಿನಂಗಡಿಯಲ್ಲಿ ಕೊಂಡ, ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರು ಅವನ ಉಳಿಗಳ ಜೊತೆಯಲ್ಲೇ ಇರುತ್ತಿತ್ತು. ಸೂತ್ರ ಒತ್ತಿದ. ಪರದೆಯ ಮೇಲೆ ಬಟ್ಟಲಿನಂಥ ಗೆರೆ ಮೂಡಿತು. ಇದ್ದದ್ದು ಒಂದೇ ಹಲಗೆ. ಆದರೂ ಕ್ಯಾಲ್ಕುಲೇಟರನ್ನೇ ನಂಬಿ ಗರಗಸವಿಟ್ಟ. ಹನ್ನೊಂದು ಗಂಟೆಯ ಹೊತ್ತಿಗೆ ಮೇಜಿನ ಅಂಚು ನಡುವೆ ತಗ್ಗಾಗಿ, ಎಮ್ಮೆ ಮಲಗಿ ಎದ್ದುಹೋದ ಜಾಗದ ಹಾಗಿತ್ತು.

ಪಕ್ಕದಂಗಡಿಯ ದರ್ಜಿ ಇಣುಕಿದ. “ಇದೇನಣ್ಣ, ಇಲಿ ತಿಂತಾ?”

“ಸೂತ್ರ ಕಣಯ್ಯ. ನಿನಗೆ ತಿಳಿಯೋದಲ್ಲ.”

ದರ್ಜಿ ಸುಮ್ಮನಿರುವವನೇ? ಹೋಗಿ ಬಡಗಿಯ ಭಾವಮೈದುನನನ್ನೇ ಕರೆತಂದ. ಅವನು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವನು. ಅವನ ಕ್ಯಾಲ್ಕುಲೇಟರಿನಲ್ಲಿ ಅದೇ ಸೂತ್ರ ಒತ್ತಿದರೆ ಬಟ್ಟಲಿನ ಬದಲು ಗುಡ್ಡ ಬಂತು.

“ಭಾವ, ಮೈನಸ್ ಹಾಕಿ ಮೂರರ ವರ್ಗ ಒತ್ತಿ ನೋಡೋಣ.”

ಬಡಗಿಯದು ಒಂಬತ್ತು ಎಂದಿತು. ಭಾವಮೈದುನನದು ಮೈನಸ್ ಒಂಬತ್ತು ಎಂದಿತು.

“ಎರಡರಲ್ಲೂ ಒಂಬತ್ತು ಬಂತಲ್ಲ, ಬಿಡ್ರಪ್ಪ!” ಎಂದ ದರ್ಜಿ.

“ಮೊದಲು ವರ್ಗ, ಆಮೇಲೆ ಮೈನಸ್. ಅದು ನಿಯಮ. ಆವರಣ ಇಲ್ಲದಿದ್ರೂ ನಿಮ್ಮ ಡಬ್ಬ ಮೈನಸ್ಸನ್ನೂ ಎಳ್ಕೊಂಡು ವರ್ಗ ಮಾಡ್ತಿದೆ ಭಾವ.”

“ಅಂದ್ರೆ ಅಂಗಿ ತೊಟ್ಟು ಅದರ ಮೇಲೆ ಬನಿಯನ್ ಹಾಕಿದ ಹಾಗೆ,” ಎಂದು ದರ್ಜಿ ತನ್ನ ಮಟ್ಟಿಗೆ ಇತ್ಯರ್ಥ ಮಾಡಿದ.

ಒಳಗಿನಿಂದ ಹೆಂಡತಿಯ ದನಿ ಬಂತು. “ಮೇಷ್ಟ್ರನ್ನೇ ಒಂದು ಮಾತು ಕೇಳ್ಬಾರದಾ?”

“ಸೂತ್ರ ಗೊತ್ತಾಗ್ಲಿಲ್ಲ ಅಂತ ಹೇಳ್ಕೊಳ್ಳೋದಾ? ಇಪ್ಪತ್ತು ಮೇಜೂ ಕೈ ಬಿಟ್ಟು ಹೋಗುತ್ತೆ ಕಣೇ!”

ಬಡಗಿ ಬೆವರು ಒರೆಸಿಕೊಂಡು ಎರಡೂ ತುದಿ ಕೊಯ್ದು, ತಗ್ಗಿದ್ದಲ್ಲಿ ಗುಡ್ಡ ಎಬ್ಬಿಸಿದ. ತುದಿಗಳಲ್ಲಿ ಮೇಜು ಗೇಣಿಗೂ ಹೆಚ್ಚು ಸವೆಯಿತು. ಉಜ್ಜಿ ನುಣುಪು ಮಾಡಿ ಕಾಲು ಕೂಡಿಸುವಾಗ ನಾಲ್ಕು ಹೊಡೆಯಿತು.

ಮೇಷ್ಟ್ರು ಬಂದರು. ಕುರ್ಚಿಯಲ್ಲಿ ಕೂತು ಮುಂದಕ್ಕೆ ಸರಿದರು. ಗುಡ್ಡ ನೇರವಾಗಿ ಅವರ ಹೊಟ್ಟೆಗೆ ಒತ್ತಿತು. ಹೊಟ್ಟೆಯೇನು ಸಣ್ಣದಲ್ಲ, ಕೈ ಚಾಚಿದರೂ ಮೇಜಿನ ಮೇಲಿಟ್ಟ ಪೆನ್ನು ಎಟುಕಲಿಲ್ಲ.

“ಅಯ್ಯೋ! ತಗ್ಗು ಎಲ್ಲಿ?” ಎನ್ನುತ್ತ ಅವರು ಜೇಬಿನಿಂದ ತಮ್ಮ ಕ್ಯಾಲ್ಕುಲೇಟರು ತೆಗೆದರು. ಅದು ಬಡಗಿಯ ಡಬ್ಬದ ಅವಳಿಯಂತಿತ್ತು. ಪರದೆಯ ತುಂಬ ಬಟ್ಟಲು. “ನನ್ನ ಹೊಟ್ಟೆಗೆ ಹೊಂದೋವರೆಗೂ ಇದರಲ್ಲೇ ಒತ್ತಿ ಒತ್ತಿ ನೋಡಿ ಬರ್ಕೊಟ್ಟಿದ್ದೆ!”

“ಸಾರ್, ನಿಯಮದ ಪ್ರಕಾರ...” ಎಂದು ಭಾವಮೈದುನ ಬಾಯಿ ಹಾಕಿದ.

“ನಿಯಮ ತರಗತಿಗಪ್ಪ. ಇದು ಹೊಟ್ಟೆ.”

ಬಡಗಿಗೆ ಅಳು ಬರುವುದೊಂದು ಬಾಕಿ. “ಹೊಟ್ಟೆಗೆ ಜಾಗ ಬಿಡಿ ಅಂತ ಬಾಯಲ್ಲೇ ಹೇಳ್ಬಹುದಿತ್ತಲ್ಲ ಸಾರ್?”

“ನಾಚಿಕೆ ಆಯ್ತು ಕಣ್ರೀ. ಲೆಕ್ಕ ಬಲ್ಲವರು, ಸೂತ್ರ ಕೊಟ್ರೆ ಸಾಕು ಅಂದ್ಕೊಂಡೆ.” ಮೇಷ್ಟ್ರು ಎದ್ದು ಅಂಗಿ ಸರಿಮಾಡಿಕೊಂಡರು. “ಆಚೆ ಬೀದಿ ಬಡಗಿಗೂ ಒಂದು ಮೇಜು ಹೇಳಿದ್ದೆ. ಪಾಪ, ಅವನಿಗೆ ಲೆಕ್ಕ ಬರಲ್ಲ. ವಿಧಿಯಿಲ್ಲದೆ ಹೊಟ್ಟೇನೇ ತೋರಿಸಿದೆ. ಮಧ್ಯಾಹ್ನವೇ ಮಾಡಿಕೊಟ್ಟ, ಅಚ್ಚುಕಟ್ಟಾಗಿ ಕೂತಿದೆ. ಇಪ್ಪತ್ತೂ ಅವನಿಗೇ ಹೇಳಿಬಿಡ್ತೀನಿ.”