ಶಾಂಪೇನ್ ಸೀಮೆಯಲ್ಲಿ ನನ್ನ ಆಣೆ

ಆಣೆ ಹಾಕಿಸುವವರಿಗೆ ಅದು ಒಂದು ನಿಮಿಷದ ಕೆಲಸ. ಹೊತ್ತು ತಿರುಗುವ ಕಷ್ಟವೆಲ್ಲ ಹಾಕಿಸಿಕೊಂಡವನದು. ಅದರಲ್ಲೂ ಹೆಂಡತಿಯ ತಲೆಯ ಮೇಲೆ ಕೈಯಿಟ್ಟು ಮಾಡಿದ ಆಣೆಯ ಕಥೆಯೇ ಬೇರೆ. ದೇವರ ಮೇಲಿನ ಆಣೆಯಾದರೆ ತಪ್ಪುಗಾಣಿಕೆ ಹಾಕಿ, ಕಾಯಿ ಒಡೆದು ಬಿಡಿಸಿಕೊಳ್ಳಬಹುದು. ದೇವರು ದೊಡ್ಡವನು, ಮರೆತೂ ಬಿಡುತ್ತಾನೆ. ನನ್ನ ಹೆಂಡತಿ ಸುವರ್ಣಾ ಮರೆಯುವುದಿಲ್ಲ. ನಮ್ಮ ಮದುವೆಯಲ್ಲಿ ಅವಳ ಸೋದರಮಾವನಿಗೆ ನಮ್ಮ ಕಡೆಯವರು ಎರಡನೇ ಸಲ ಹೋಳಿಗೆ ಬಡಿಸಲಿಲ್ಲವಂತೆ. ಮೊಮ್ಮಕ್ಕಳಾದರೂ ಆ ಹೋಳಿಗೆ ಇನ್ನೂ ನಮ್ಮ ಮನೆಯಲ್ಲಿ ಜೀವಂತವಾಗಿದೆ.

ನಾನು ಇಂಡಿ ಕಡೆಯ ದ್ರಾಕ್ಷಿ ಬೆಳೆಗಾರ. ನಮ್ಮ ತೋಟದ ಹಣ್ಣೆಲ್ಲ ಒಣದ್ರಾಕ್ಷಿಯಾಗಿ ಪಾಯಸಕ್ಕೆ, ಪ್ರಸಾದಕ್ಕೆ, ಬಾಣಂತಿಯರ ಲಾಡುವಿಗೆ ಹೋಗುತ್ತದೆ. ಇಷ್ಟು ವರ್ಷ ದ್ರಾಕ್ಷಿಯ ಜೊತೆ ಸಂಸಾರ ಮಾಡಿದ ಮೇಲೆ, ಅದೇ ಹಣ್ಣಿನಿಂದಾಗುವ ಆ ಇನ್ನೊಂದು ಪದಾರ್ಥದ ರುಚಿಯನ್ನು ಒಮ್ಮೆ ನೋಡಬೇಕೆಂಬ ಆಸೆ ನನಗಿತ್ತು. ಚಟವಲ್ಲ ಮಾರಾಯರೇ, ಕುತೂಹಲ. ಕೊಟ್ಟ ಮಗಳು ಅತ್ತೆಮನೆಯಲ್ಲಿ ಹೇಗಿದ್ದಾಳೆಂದು ನೋಡಿಬರುವ ತಂದೆಯ ಆಸೆ ಎಂದಿಟ್ಟುಕೊಳ್ಳಿ.

ಹೀಗಿರುವಾಗ ನಾವು ನಾಲ್ಕಾರು ಬೆಳೆಗಾರ ದಂಪತಿಗಳು ಸೇರಿ ಯುರೋಪ್ ಪ್ರವಾಸಕ್ಕೆ ಹೊರಟೆವು. ಪ್ಯಾರಿಸ್ಸಿನಿಂದ ಒಂದು ದಿನದ ಮಟ್ಟಿಗೆ ಶಾಂಪೇನ್ ಸೀಮೆಗೆ ಹೋಗಿಬರುವುದೆಂದು ನಿಗದಿಯಾಗಿತ್ತು. ಪಂದ್ಯ ಗೆದ್ದವರು ಮೈಮೇಲೆ ಸುರಿದುಕೊಳ್ಳುವ ಶಾಂಪೇನನ್ನು ಟಿವಿಯಲ್ಲಿ ಕಂಡಿದ್ದೆನೇ ಹೊರತು, ಅದು ಒಂದು ಸೀಮೆಯ ಹೆಸರೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಸುವರ್ಣಾಳಿಗೆ ಮಾತ್ರ ಅಲ್ಲಿ ಏನು ಸಿಗುತ್ತದೆಂದು ಕೂಡಲೇ ಗೊತ್ತಾಯಿತು. ಹೊರಡುವ ಮುಂಚೆ ನನ್ನನ್ನು ದೇವರಮನೆಯಲ್ಲಿ ನಿಲ್ಲಿಸಿ, "ನನ್ನ ತಲಿ ಮ್ಯಾಲ ಕೈ ಇಟ್ಟು ಹೇಳ್ರಿ, ಒಂದ್ ಹನಿ ಮುಟ್ಟಂಗಿಲ್ಲ ಅಂತ. ನಾನಾಗಿ ಬಿಡಸೂತನಕ ಈ ಆಣಿ ಬಿಡಂಗಿಲ್ಲ" ಎಂದಳು. ಇಟ್ಟೆ. ಏನು ಮಾಡಲಿ, ಪಾಸ್‌ಪೋರ್ಟು ಅವಳ ಚೀಲದಲ್ಲಿತ್ತು.

ಶಾಂಪೇನ್ ಸೀಮೆಯ ಗುಡ್ಡದ ಇಳಿಜಾರಿನ ತುಂಬ ದ್ರಾಕ್ಷಿ. ಬಳ್ಳಿಗಳು ಸೊಂಟದೆತ್ತರವೂ ಇಲ್ಲ. "ಕೊಯ್ಯೂವಾಗ ಇವರ ನಡ ಉಳೀತಾವೇನ್ರಿ?" ಎಂದು ಸುವರ್ಣಾ ಮರುಗಿದಳು. ತೋಟದ ಒಡತಿ ಬೆಳ್ಳಿಕೂದಲಿನ ಮುದುಕಿ. ಸೊಲ್ಲಾಪುರದ ನಮ್ಮ ಟೂರ್ ಮ್ಯಾನೇಜರು ನಡುವೆ ನಿಂತು ಇಬ್ಬರ ಮಾತನ್ನೂ ದಾಟಿಸುತ್ತಿದ್ದ. ನಾವು ವರ್ಷಕ್ಕೆ ಎರಡು ಸಲ ಕತ್ತರಿ ಹಿಡಿದು ಬಳ್ಳಿ ಸವರುತ್ತೇವೆಂದು ಕೇಳಿ ಮುದುಕಿ ದಂಗಾಗಿ, ಹಾಗಾದರೆ ಬಳ್ಳಿಗೆ ವಿಶ್ರಾಂತಿ ಯಾವಾಗ ಎಂದು ಕೇಳಿದಳು. "ಅದಕ್ಕೂ ಇಲ್ಲ, ನಮಗೂ ಇಲ್ಲ ಅಂತ ಹೇಳ್ರಿ" ಎಂದಳು ಸುವರ್ಣಾ. ಮುದುಕಿ ಬಿದ್ದು ಬಿದ್ದು ನಕ್ಕು ಇವಳ ಕೈ ಹಿಡಿದುಕೊಂಡಳು. ಇಬ್ಬರ ಬೆರಳಲ್ಲೂ ಕತ್ತರಿಯ ಗಾಯದ ಕಲೆಗಳಿದ್ದವು. ಅದಾದಮೇಲೆ ಅವರಿಗೆ ಮ್ಯಾನೇಜರನ ಅಗತ್ಯವೇ ಬೀಳಲಿಲ್ಲ.

ಆಮೇಲೆ ನೆಲಮಾಳಿಗೆ. ನೂರಾರು ವರ್ಷಗಳ ಹಿಂದೆ ಸುಣ್ಣಕಲ್ಲು ಕೊರೆದು ಮಾಡಿದ ಸುರಂಗಗಳು. ಒಳಗೆ ನಡುಗುವಂಥ ತಂಪು. ಬಾಟಲಿಗಳನ್ನು ವರ್ಷಗಟ್ಟಲೆ ಕತ್ತಲಲ್ಲಿ ಮಲಗಿಸಿ, ಕೊನೆಗೆ ತಲೆಕೆಳಗು ಮಾಡಿ, ದಿನಾ ಚೂರು ಚೂರೇ ತಿರುಗಿಸಿ ತಳದ ಗಷ್ಟನ್ನೆಲ್ಲ ಬಾಟಲಿಯ ಕೊರಳಿಗೆ ಇಳಿಸುತ್ತಾರಂತೆ. ನಮ್ಮಲ್ಲಿ ದ್ರಾಕ್ಷಿಯನ್ನು ನೆರಳಲ್ಲಿ ಗಾಳಿಗೆ ಹರವಿ ಒಣಗಿಸುತ್ತೇವೆ. ಇಲ್ಲಿ ಅದರ ರಸವನ್ನು ನೆಲದೊಳಗೆ ಕಾಯಲು ಬಿಡುತ್ತಾರೆ. ಒಂದು ದೇವರ ಮುಂದಿನ ತಟ್ಟೆಗೆ, ಇನ್ನೊಂದು ದೊರೆಗಳ ಮೇಜಿಗೆ. ಎಲ್ಲಿಗೆ ಹೋಗುತ್ತೀಯೆಂದು ಹಣ್ಣನ್ನು ಮಾತ್ರ ಯಾರೂ ಕೇಳಿದವರಿಲ್ಲ. ಹಣ್ಣಿಗಿಲ್ಲದ ಮಡಿ ಬೆಳೆದವನಿಗೆ ಯಾಕಿರಬೇಕು ಎಂದು ನನಗೆ ನಿಜವಾಗಿಯೂ ಅನ್ನಿಸಿತು. ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳುವ ಧೈರ್ಯವಾಗಲಿಲ್ಲ.

ಮೇಲೆ ಬಂದಾಗ ಮೇಜಿನ ಮೇಲೆ ಗ್ಲಾಸುಗಳು ಸಿದ್ಧವಾಗಿದ್ದವು. ಗುಳ್ಳೆಗಳು ಸಣ್ಣಗೆ ಏರುತ್ತಿದ್ದವು. ನನ್ನ ಮುಖ ನೋಡಿ ಮ್ಯಾನೇಜರಿಗೆ ಕನಿಕರ ಬಂತು. "ಕಾಕಾ, ಇಲ್ಲಿ ದೊಡ್ಡ ದೊಡ್ಡ ಮಂದೀನೂ ಬಾಯಾಗ ಹಾಕ್ಕೊಂಡು ಉಗಳತಾರ. ಉಗಳಿದ್ರ ಕುಡದಂಗ ಆಗೂದಿಲ್ಲ" ಎಂದ. ಆಣೆ ಮುರಿಯುವುದು ನಾಲಗೆಯಲ್ಲೋ ಗಂಟಲಲ್ಲೋ ಎಂದು ಸುವರ್ಣಾಳ ಹತ್ತಿರ ಹೋಗಿ ಮೆಲ್ಲಗೆ ವಿಚಾರಿಸಿದೆ. "ಉಗಳಾಕ ಇಲ್ಲೀತನಕ ಬರಬೇಕಿತ್ತೇನ್ರಿ?" ಎಂದಳು. ಅಲ್ಲಿಗೆ ವಿಚಾರಣೆ ಮುಗಿಯಿತು.

ಅಷ್ಟರಲ್ಲಿ ಮುದುಕಿ ತಾನೇ ಒಂದು ಗ್ಲಾಸು ತಂದು ಸುವರ್ಣಾಳ ಕೈಗಿಟ್ಟಳು. ಸುವರ್ಣಾ ನನ್ನನ್ನು ನೋಡಿದಳು, ಮುದುಕಿಯ ಬೆರಳುಗಳನ್ನು ನೋಡಿದಳು. "ಮನಿಗೆ ಬಂದವರಿಗೆ ಆಕಿ ತನ್ನ ಕೈಲೆ ಕೊಡಾಕತ್ತಾಳ. ಒಲ್ಲೆ ಅಂದ್ರ ಆಕಿ ಮನಸಿಗೆ ಹೆಂಗ ಆಗ್ಬೇಕು?" ಎಂದವಳೇ ಸೆರಗು ಸರಿಮಾಡಿಕೊಂಡು ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಿದಳು. ಮತ್ತೊಂದು ಗುಟುಕು ಕುಡಿದಳು. ನನ್ನ ಬಾಯಿ ತೆರೆದದ್ದು ತೆರೆದೇ ಇತ್ತು. "ಹಿಂಗ್ಯಾಕ ನೋಡ್ತೀರಿ? ಆಣಿ ಮಾಡಿದವರು ನೀವು, ನಾನಲ್ಲ."

"ಹಂಗಾರ ನಂದೂ ಬಿಡಸಬಾರದೇನ?" ಎಂದು ಅಂಗಲಾಚಿದೆ.

"ನನ್ನ ತಲಿ ಮ್ಯಾಲ ಕೈ ಇಟ್ಟೀರಿ. ಆ ತಲಿ ಈಗ ಸ್ವಲ್ಪ ತಿರಗಾಕತ್ತೈತಿ. ನಿಂತ ಮ್ಯಾಲ ವಿಚಾರ ಮಾಡೂನು, ತಡೀರಿ."

ಅವಳ ತಲೆ ನಿಂತದ್ದು ಪ್ಯಾರಿಸ್ಸಿನ ಹೋಟೆಲಿನಲ್ಲಿ. ಬಸ್ಸಿನುದ್ದಕ್ಕೂ ನನ್ನ ಭುಜಕ್ಕೊರಗಿ, ಹೋಳಿಗೆಯ ವಿಷಯದಲ್ಲಿ ನಮ್ಮ ಕಡೆಯವರನ್ನು ಪೂರ್ತಿ ಕ್ಷಮಿಸಿದ್ದೇನೆ ಎನ್ನುತ್ತಾ ಬಂದಳು. ಮರುದಿನ ಆ ಕ್ಷಮೆಯನ್ನು ವಾಪಸು ತೆಗೆದುಕೊಂಡಳು.

ಊರಿಗೆ ಬಂದಮೇಲೆ ಸಂತೆಯಲ್ಲಿ ಸಿಕ್ಕವರದೆಲ್ಲ ಒಂದೇ ಪ್ರಶ್ನೆ: "ಹೆಂಗಿತ್ರಿ ಗೌಡ್ರ, ಶಾಂಪೇನು?" ಅಷ್ಟು ದೂರ ಹೋಗಿ, ಹೆಂಡತಿ ಕುಡಿಯುವುದನ್ನು ನೋಡುತ್ತಾ ನಿಂತಿದ್ದೆ ಎಂದು ಯಾವ ಬಾಯಲ್ಲಿ ಹೇಳಲಿ? "ಗುಳ್ಳಿ ಮೂಗಿಗೆ ಏರತಾವ ನೋಡ್ರಿ, ಆಹಾ" ಎಂದುಬಿಟ್ಟೆ. ಒಂದು ವಾರದೊಳಗೆ ಓಣಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ನೆರೆದಿದ್ದರು. "ಏನ್ ಸುವರ್ಣಕ್ಕಾ, ಈ ವಯಸ್ನಾಗ ನಿಮ್ಮ ಯಜಮಾನ್ರು ಪರದೇಶಕ್ಕ ಹೋಗಿ ಕುಡಿಯೂದು ಕಲತು ಬಂದ್ರಂತಲ್ಲ!"

ಒಳಗಿನ ಕೋಣೆಯಲ್ಲಿ ನಾನು ಕಿವಿಗೊಟ್ಟು ಕೂತಿದ್ದೆ. ಈಗಲಾದರೂ ನಿಜ ಹೇಳಿ ನನ್ನ ಮಾನ ಉಳಿಸುತ್ತಾಳೆಂದುಕೊಂಡೆ. ಸುವರ್ಣಾ ನಿಟ್ಟುಸಿರು ಬಿಟ್ಟಳು. "ಏನ್ ಮಾಡೂದವ್ವಾ, ಕಟ್ಟಿಕೊಂಡ ಮ್ಯಾಲ ಸಂಭಾಳಸಬೇಕು" ಎಂದು ಹೇಳಿ, ಅವರಿಗೆಲ್ಲ ಚಹಾ ಇಡಲು ಎದ್ದಳು.