ಮೊದಲ ಹಾಳೆಯ ವರ

ಕಂಪ್ಯೂಟರ್ ಬಂದರೆ ತಪ್ಪು ಕಡಿಮೆಯಾಗುತ್ತದೆ ಎಂದವರನ್ನು ಶಿಕಾರಿಪುರದ ನಮ್ಮ ಸೆಂಟರಿನಲ್ಲಿ ಒಂದು ವಾರ ಕೂರಿಸಬೇಕಿತ್ತು. ತೊಂಬತ್ತರ ದಶಕದಲ್ಲಿ ನಾನಲ್ಲಿ ಪಾಠ ಹೇಳುವ ಮೇಷ್ಟ್ರು. ಏನಾದರೊಂದು ಎಡವಟ್ಟಿಲ್ಲದೆ ಒಂದು ವಾರವೂ ಕಳೆದದ್ದಿಲ್ಲ. ಮುಕ್ಕಾಲುಪಾಲು ನನ್ನದೇ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಗ ಒಪ್ಪುತ್ತಿರಲಿಲ್ಲ.

೧. ಒಳಗೋ ಹೊರಗೋ

ನಮ್ಮ ಮಾಲೀಕರು ಮೆಕ್ಕೆಜೋಳದ ವ್ಯಾಪಾರದವರು. ಮದುವೆ ಸೀಸನ್ನಿನೊಳಗೆ ಜಾತಕ ಬರೆಯುವ ಪ್ರೋಗ್ರಾಮ್ ಬೇಕು, ಇಲ್ಲೂ ನಡೆಯಬೇಕು, ಸೊರಬದ ಬ್ರಾಂಚಿನಲ್ಲೂ ನಡೆಯಬೇಕು ಎಂದರು. ಬರೆದೆ. ಅದು ಹಾಕುವ ಲಗ್ನ ಸರಿಯೋ ತಪ್ಪೋ ನೋಡಲು ಶಿವಮೊಗ್ಗದ ಗೆಳೆಯನೊಬ್ಬ ಫ್ಲಾಪಿಯಲ್ಲಿ ಒಂದು ಟೆಸ್ಟಿಂಗ್ ಲೈಬ್ರರಿ, ಅಂದರೆ ಪ್ರೋಗ್ರಾಮಿನ ತಪ್ಪು ಹಿಡಿಯುವ ಇನ್ನೊಂದು ಪ್ರೋಗ್ರಾಮ್, ಕಳಿಸಿದ. ಉತ್ತರ ಮೊದಲೇ ಗೊತ್ತಿರುವ ಜಾತಕಗಳನ್ನು ಅದಕ್ಕೆ ಕೊಡಬೇಕು. ಪ್ರೋಗ್ರಾಮಿನ ಉತ್ತರ ಸರಿಯಿದ್ದರೆ ಅದು ಸುಮ್ಮನಿರುತ್ತದೆ, ತಪ್ಪಿದ್ದರೆ ಆ ಜಾತಕವನ್ನು ಪೂರ್ತಿ ಪ್ರಿಂಟ್ ಮಾಡಿ ತೋರಿಸುತ್ತದೆ.

ಈ ಲೈಬ್ರರಿಯನ್ನು ನನ್ನ ಪ್ರೋಗ್ರಾಮಿನೊಳಗೇ ಸೇರಿಸಿಬಿಡುವುದೋ, ಹೊರಗೆ ಬೇರೆಯಾಗಿಟ್ಟು ಬೇಕಾದಾಗ ಮಾತ್ರ ಲಿಂಕ್ ಮಾಡುವುದೋ? ಎರಡು ದಿನ ತಲೆ ಕೆಡಿಸಿಕೊಂಡೆ. ಮಾಲೀಕರನ್ನು ಕೂರಿಸಿ ಬೋರ್ಡಿನ ಮೇಲೆ ಬಾಣ ಬರೆದು ಇಪ್ಪತ್ತು ನಿಮಿಷ ವಿವರಿಸಿದೆ. ಅವರು ಎಲೆಅಡಿಕೆ ದವಡೆಗೆ ಒತ್ತರಿಸಿಕೊಂಡು ಕೇಳಿದರು:

"ಅಲ್ರೀ ಮೇಷ್ಟ್ರೇ, ತಕ್ಕಡಿ ಸರಿ ಐತೋ ಇಲ್ಲೋ ನೋಡೋ ಕಲ್ಲನ್ನ ಯಾರಾದ್ರೂ ಜೋಳದ ಚೀಲದಾಗೆ ಹಾಕಿ ಹೊಲಿತಾರೇನ್ರೀ?"

ಹೊರಗಿಡುವುದೆಂದು ತೀರ್ಮಾನವಾಯಿತು. ಈ ವಿಷಯವನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದವರನ್ನು ನಾನು ಇಂದಿಗೂ ಕಂಡಿಲ್ಲ. ಅವರು ಅಲ್ಲಿಯವರೆಗೆ ಕಂಪ್ಯೂಟರ್ ಮುಟ್ಟಿದ್ದು ಧೂಳು ಒರೆಸಲು ಮಾತ್ರ.

೨. ಫ್ಲಾಪಿಯ ಪೂಜೆ

ಹೊರಗಿಟ್ಟ ಲೈಬ್ರರಿಯ ಫ್ಲಾಪಿ ಬಸ್ಸಿನಲ್ಲಿ ಸೊರಬಕ್ಕೆ ಹೋಗಿ ಬರತೊಡಗಿತು. ಆಯುಧಪೂಜೆಯ ಮರುದಿನ ನಾನೇ ಅಲ್ಲಿಗೆ ಹೋದೆ. ಫ್ಲಾಪಿ ಹಾಕಿದರೆ ಡ್ರೈವು ಕರಕರ ಎಂದಿತು. ಹೊರಗೆ ತೆಗೆದು ನೋಡಿದರೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ.

"ಏನ್ರೀ ಇದು?" ಎಂದೆ, ಬ್ರಾಂಚ್ ನೋಡಿಕೊಳ್ಳುತ್ತಿದ್ದವರಿಗೆ.

"ಎಲ್ಲಾದ್ರಲ್ಲೂ ತಪ್ಪು ಹುಡುಕೋದು ಅದೇ ಅಲ್ದಾ? ಅದ್ಕೇ ಮೊದ್ಲ ಪೂಜೆ ಅದಕ್ಕೇ ಮಾಡಿದ್ವಿ ಮಾರಾಯ್ರೆ."

"ಮಾಡಿ, ಬೇಡ ಅನ್ನಲ್ಲ. ತಗಡಿನ ಮುಚ್ಚಳ ಸರಿಸಿ ಒಳಗೂ ಹಚ್ಚಿದೀರಲ್ಲ!"

"ಕೆಲ್ಸ ಮಾಡೋದು ಒಳಗಿಂದು ಅಂತ ನೀವೇ ಪಾಠ ಮಾಡಿದ್ರಿ."

ಹೌದು, ನಾನೇ ಮಾಡಿದ್ದೆ.

೩. ಬೇಕೆಂದೇ ಮಾಡಿದ ತಪ್ಪು

ನನಗೆ ಸಿಟ್ಟು ಬಂತು. ಫ್ಲಾಪಿಯ ಸಹವಾಸವೇ ಸಾಕು ಎಂದು, ಶಿಕಾರಿಪುರದಲ್ಲಿದ್ದ ಇನ್ನೊಂದು ಪ್ರತಿಯನ್ನು ಪ್ರೋಗ್ರಾಮಿನೊಳಗೇ ಸೇರಿಸಿಬಿಟ್ಟೆ. ಪ್ರೋಗ್ರಾಮ್ ಶುರುವಾದಾಗಲೆಲ್ಲ ಮೊದಲು ಪರೀಕ್ಷೆ, ಆಮೇಲೆ ಗಿರಾಕಿಯ ಜಾತಕ. ಕಲ್ಲು ಚೀಲ ಸೇರಿತು. ಮಾಲೀಕರಿಗೆ ಹೇಳಲಿಲ್ಲ.

ಕೊಟ್ಟ ಜಾತಕಗಳಿಗೆಲ್ಲ ಅದು ಸುಮ್ಮನೆ ಕೂತಿತ್ತು. ಸರಿಯಿದೆ ಎಂದು ಸುಮ್ಮನಿದೆಯೋ, ನಿದ್ದೆ ಹೋಗಿದೆಯೋ? ತಿಳಿಯಬೇಕಾದರೆ ಬೇಕೆಂದೇ ಒಂದು ತಪ್ಪು ಕೊಟ್ಟು ನೋಡಬೇಕು. ನನ್ನದೇ ಜಾತಕ ಕೊಟ್ಟೆ, ಹುಟ್ಟಿದ ಸಮಯ ಎರಡು ಗಂಟೆ ಹಿಂದೆ ಹಾಕಿ.

ನನ್ನದೇ ಏಕೆಂದರೆ ನನಗೆ ಬಾಯಿಪಾಠವಾಗಿದ್ದ ಜಾತಕ ಅದೊಂದೇ. ಮೂರು ವರ್ಷದಿಂದ ಅಮ್ಮ ಅದನ್ನು ಹಿಡಿದು ಹೆಣ್ಣಿನ ಮನೆಗಳನ್ನು ಅಲೆಯುತ್ತಿದ್ದಳು. ಎಲ್ಲ ಕಡೆಯಿಂದಲೂ ಒಂದೇ ಉತ್ತರ: ಹುಡುಗನಿಗೆ ಕುಜದೋಷ. "ದೋಷ ಇರೋ ಹುಡುಗಿ ಸಿಕ್ಕರೆ ಎರಡೂ ಕಳೆದುಹೋಗ್ತವೆ, ಚಿಂತೆ ಬೇಡ" ಎಂದಿದ್ದರು ಜೋಯಿಸರು. ಆದರೆ ನಮ್ಮ ಹುಡುಗಿಗೆ ದೋಷವಿದೆ ಎಂದು ಒಪ್ಪಿಕೊಳ್ಳುವ ಮನೆ ಎರಡು ತಾಲೂಕಿನಲ್ಲೂ ಸಿಗಲಿಲ್ಲ. ನನಗೆ ಮೂವತ್ತೊಂದು ದಾಟಿತ್ತು. ಮೇಲೆ ನಗುತ್ತಿದ್ದೆ, ಒಳಗೆ ಬೇಜಾರಿತ್ತು.

ಲೈಬ್ರರಿ ಎಚ್ಚರವಾಗಿಯೇ ಇತ್ತು. ತಪ್ಪು ಹಿಡಿದು ನನ್ನ ಜಾತಕವನ್ನು ಹೆಸರು, ಊರಿನ ಸಮೇತ ಪ್ರಿಂಟ್ ಮಾಡಿತು. ಎರಡು ಗಂಟೆ ಹಿಂದೆ ಹೋದದ್ದಕ್ಕೆ ಕುಜದೋಷವೂ ಮಾಯ. ಎಷ್ಟು ಖುಷಿಯಾಯಿತೆಂದರೆ, ಆ ತಪ್ಪನ್ನು ತೆಗೆಯುವುದನ್ನೇ ಮರೆತು ಪ್ರೋಗ್ರಾಮನ್ನು ಸೊರಬಕ್ಕೆ ಕಳಿಸಿಬಿಟ್ಟೆ.

೪. ಕಂಪ್ಯೂಟರಿಗೆ ಕನ್ನಡಕ

ಸೊರಬದಲ್ಲಿ ಜಾತಕಕ್ಕೆ ಬಂದವರಿಗೆಲ್ಲ ಮೊದಲ ಹಾಳೆಯಲ್ಲಿ ನಾನು ಸಿಗತೊಡಗಿದೆ. ಎರಡನೆಯ ಹಾಳೆಯಿಂದ ಅವರದು. ನನ್ನ ಹಾಳೆಯ ಕೆಳಗೆ 'ಇದು ತಪ್ಪು' ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ಯಾರೂ ಓದಲಿಲ್ಲ. ಜಾತಕದಲ್ಲಿ ಅರ್ಥವಾಗದ ಸಾಲು ಇದ್ದಷ್ಟೂ ಜನರಿಗೆ ನಂಬಿಕೆ ಜಾಸ್ತಿ.

ಕಂಪ್ಯೂಟರ್ ತಾನೇ ಒಂದು ವರ ಹುಡುಕಿ ಕೊಡುತ್ತದೆ ಎಂದು ಸುದ್ದಿ ಹಬ್ಬಿತು; ನನ್ನ ಕಿವಿಗೆ ಮಾತ್ರ ಅದು ಬಿದ್ದದ್ದು ತಡವಾಗಿ. ಗುಡವಿ ಕಡೆಯ ಅಜ್ಜಿಯೊಬ್ಬರು ಮಾತ್ರ ಹಾಳೆ ವಾಪಸು ತಂದರಂತೆ. "ನಾ ಬರೆಸಿದ್ದು ಮೊಮ್ಮಗಂದು. ಅವ್ನೂ ಗಂಡು, ಇವ್ನೂ ಗಂಡು. ನಿಮ್ಮ ಕಂಪ್ಯೂಟ್ರಿಗೆ ಒಂದು ಕನ್ನಡ್ಕ ಹಾಕ್ಸಿ ತಮ್ಮಾ."

೫. ಎರಡೇ ಗಂಟೆಯಾ?

ವಾರದ ಮೇಲೆ ಸೊರಬದ ಕಡೆಯ ಹಿರಿಯರೊಬ್ಬರು ಹಾಳೆ ಹಿಡಿದು ಶಿಕಾರಿಪುರಕ್ಕೇ ಬಂದರು. "ನನ್ನ ಮಗಳಿಗೆ ನಿಮ್ಮ ಕಂಪ್ಯೂಟರ್ ಕೊಟ್ಟ ವರ ಇದು. ಜೋಯಿಸರೂ ಕೂಡ್ತದೆ ಅಂದ್ರು. ಕುಜದೋಷ ಇಲ್ಲ, ಅದೇ ದೊಡ್ಡದು. ಈ ಹುಡುಗ ಯಾರು?"

ನಾನು ಹಾಳೆ ನೋಡಿದೆ. ನನ್ನದೇ ಜಾತಕ. "ಅದು, ಯಜಮಾನ್ರೇ, ಅಸಲಿಗೆ…" ಎನ್ನುವಷ್ಟರಲ್ಲಿ, ಪಕ್ಕದಲ್ಲಿ ಕೂತು ಹಾಳೆಯ ಮೇಲಿನ ಹೆಸರು ಓದಿದ್ದ ಮಾಲೀಕರು ಮೇಜಿನ ಕೆಳಗೆ ನನ್ನ ಕಾಲು ತುಳಿದು, "ಇವ್ರೇ ನೋಡ್ರಿ, ಎದುರಿಗೇ ಕುಂತಾರೆ" ಎಂದುಬಿಟ್ಟರು.

ಹೆಣ್ಣು ನೋಡಲು ಹೋದೆವು. ಹುಡುಗಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಅಮ್ಮನ ಮುಖದಲ್ಲಿ ಅಂಥ ಸಂತೋಷ ನೋಡಿ ಮೂರು ವರ್ಷವಾಗಿತ್ತು. ಕೊಟ್ಟ ಮಂಡಕ್ಕಿಯ ತಟ್ಟೆ ಕೆಳಗಿಟ್ಟೆ. ಸುಳ್ಳು ಜಾತಕದ ಮೇಲೆ ಮದುವೆಯಾಗಲು ನನ್ನಿಂದಾಗದು. ಹೋದರೆ ಹೋಗಲಿ ಎಂದುಕೊಂಡೆ. ಇಬ್ಬರೂ ಮಾತಾಡಿಕೊಳ್ಳಲಿ ಎಂದು ಹಿರಿಯರು ನಮ್ಮನ್ನು ಜಗಲಿಗೆ ಕಳಿಸಿದಾಗ ಒಂದೇ ಉಸಿರಿಗೆ ಹೇಳಿಬಿಟ್ಟೆ. ಲೈಬ್ರರಿ ಒಳಗೆ ಸೇರಿಸಿದ್ದು, ಬೇಕೆಂದೇ ತಪ್ಪು ಕೊಟ್ಟದ್ದು, ತೆಗೆಯಲು ಮರೆತದ್ದು, ಎಲ್ಲವನ್ನೂ.

"ನಿಮ್ಮ ತಂದೆ ನೋಡಿದ್ದು ಎರಡು ಗಂಟೆ ಹಿಂದಿನ ಜಾತಕ. ನಿಜವಾದದ್ದರಲ್ಲಿ ನನಗೆ ಕುಜದೋಷ ಇದೆ. ಬೇಡ ಅಂದ್ರೆ ಈಗಲೇ ಹೇಳಿ, ನನಗೆ ಬೇಜಾರಿಲ್ಲ" ಎಂದೆ. ಬೇಜಾರು ಬೇಕಾದಷ್ಟಿತ್ತು.

ಅವಳು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಎರಡೇ ಗಂಟೆಯಾ? ನಮ್ಮಪ್ಪ ನಂದು ನಾಲ್ಕು ಗಂಟೆ ಮುಂದೆ ಹಾಕ್ಸಿದಾರೆ."

"ಯಾಕೆ?"

"ಕುಜದೋಷ ಹೋಗ್ಲಿ ಅಂತ."