ಕನಕರಾಯನ ಒಂಟಿ ವೋಟು

ಜಗಳ ಹುಟ್ಟಿದ್ದು ಮುಂಜಾನೆ ಚಹಾ ಕುಡಿಯೋ ಹೊತ್ತಿಗೆ. ಅಂದು ಊರ ಸೊಸೈಟಿಯ ಚುನಾವಣೆ. ಹೆಣ್ಣುಮಕ್ಕಳಿಗೆ ಮೀಸಲಿಟ್ಟ ಒಂದೇ ಒಂದು ಜಾಗಕ್ಕೆ ಮೂವರು ನಿಂತಿದ್ದರು. ಅವರಲ್ಲಿ ಒಬ್ಬಳು ಕನಕರಾಯನ ಹೆಂಡತಿ ಯಮನಮ್ಮ.

"ಲಗೂನ ಅಂಗಿ ಹಾಕ್ಕೋ. ನಾ ನಿನ್ನ ಜೋಡಿ ಬಂದು ನಿನ್ನ ವೋಟು ಒತ್ತತೀನಿ," ಅಂದಳು.

ಕನಕರಾಯ ಬಸಿ ಕೆಳಗಿಟ್ಟ. "ನನ್ನ ವೋಟು ನಾನ ಒತ್ತತೀನಿ."

"ಕಣ್ಣು ಕಾಣ್ದ ಎಲ್ಲಿ ಒತ್ತತಿ? ಗ್ವಾಡಿಗೇನು?"

ಕನಕರಾಯನಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಹಾಗಂತ ಅವನನ್ನು ಅಯ್ಯೋ ಪಾಪ ಅನ್ನುವ ಗಂಡಸು ಆ ಊರಲ್ಲಿರಲಿಲ್ಲ. ಬಸ್ ನಿಲ್ಲೋ ಕಡೆ ಚುರುಮುರಿ ಅಂಗಡಿ ಇಟ್ಟಿದ್ದ. ತುರ್ವಿಹಾಳದ ಬಸ್ಸು ಬಂದು ನಿಂತು ಮತ್ತೆ ಹೊರಡುವುದರೊಳಗೆ ಹಳೇ ಪೇಪರಿನಲ್ಲಿ ಹತ್ತು ಪೊಟ್ಟಣ ಕಟ್ಟಿ ಕೊಡುತ್ತಿದ್ದ. ಒಂದರಿಂದಲೂ ಒಂದು ಕಾಳು ಉದುರುತ್ತಿರಲಿಲ್ಲ. ಆದರೆ ವೋಟು ಬಂತೆಂದರೆ ಮಾತ್ರ ಯಾರೋ ಒಬ್ಬರು ಅವನ ಜೊತೆ ಹೋಗಿ, ಅವನ ಚೀಟಿಗೆ ಮುದ್ರೆ ಒತ್ತಿ, "ಆತು, ನಡಿ" ಅಂದುಬಿಡುತ್ತಿದ್ದರು.

"ಇಪ್ಪತ್ತು ವರ್ಷ ಆತು ವೋಟು ಹಾಕಾಕತ್ತು. ಯಾರಿಗೆ ಹಾಕೀನಿ ಅಂತ ಇನ್ನೂ ನನಗ ಗೊತ್ತಿಲ್ಲ!" ಅಂದ. "ಈಗ ಅಂಗವಿಕಲರಿಗೆ ಹೊಸಾ ಕಾಯ್ದೆ ಬಂದೈತಿ, ರೇಡಿಯೋದಾಗ ಹೇಳ್ಯಾರ. ನಮಗೂ ಹಕ್ಕು ಅದಾವು."

"ನಿನ್ನ ಹಕ್ಕಿನ ಸಲುವಾಗಿ ಒಂದು ವೋಟಿಲೆ ನಾ ಸೋತ್ರ?"

"ಸೋತ್ರ ನನ್ನ ವೋಟಿನಿಂದ ಸೋಲಂಗಿಲ್ಲ ತಗೋ," ಅಂದವನೇ ಕೋಲು ಹಿಡಿದು ಹೊರಬಿದ್ದ.

ಸೊಸೈಟಿ ಬಾಗಿಲಲ್ಲಿ ಪಕ್ಕದ ಮನೆಯ ದರ್ಜಿ ಪೀರ್‌ಸಾಬ್ ಗಂಟುಬಿದ್ದ. ಅವನ ಹೆಂಡತಿ ಮಾಸುಂಬಿಯೂ ಅದೇ ಜಾಗಕ್ಕೆ ನಿಂತವಳು. "ಕನಕಣ್ಣ, ನಾ ಬರ್ತೀನಿ ನಡಿ. ಯಮನಮ್ಮ ಅಂದ್ರ ನನಗ ತಂಗಿ ಇದ್ದಂಗ. ಇಮಾನ್ದಾರಿಲೆ ಒತ್ತತೀನಿ."

"ಮತ್ತ ಮಾಸುಂಬಿ ನಿನಗ ಏನಾಗಬೇಕೋ?"

ಸಾಲಲ್ಲಿ ನಿಂತವರು ಗೊಳ್ಳೆಂದರು. ಅಷ್ಟರಲ್ಲಿ ಮೂರನೆಯ ಹುರಿಯಾಳು ಗ್ಯಾನಮ್ಮ ಮುಂದೆ ಬಂದಳು. "ಅವರಿಬ್ರೂ ಬ್ಯಾಡೋ ತಮ್ಮಾ. ನನಗ ಯಾರ ಮ್ಯಾಲೂ ಸಿಟ್ಟಿಲ್ಲ, ನಾ ಬರ್ತೀನಿ," ಅಂತ ಕನಕರಾಯನ ಹೆಗಲ ಮೇಲಿನ ಟವೆಲ್ ಹಿಡಿದಳು. ಎಡಗೈಯನ್ನು ಓಡೋಡಿ ಬಂದ ಯಮನಮ್ಮ ಹಿಡಿದಳು, ಬಲಗೈಯನ್ನು ಪೀರ್‌ಸಾಬ್. ಮೂವರೂ ಮೂರು ಕಡೆ ಜಗ್ಗಿದರು. ಪರ್ರ್ ಅಂತ ಸಪ್ಪಳವಾಗಿ ಪೀರ್‌ಸಾಬ್ ತಾನೇ ಹೊಲಿದ ಅಂಗಿಯ ತೋಳು ಪೀರ್‌ಸಾಬನ ಕೈಗೇ ಬಂತು.

"ಏನ್ರೀ ಅದು ಗದ್ದಲ?" ಲಿಂಗಸುಗೂರಿನಿಂದ ಬಂದಿದ್ದ ಚುನಾವಣೆ ಸಾಹೇಬರು ಎದ್ದು ಬಂದರು. "ಇವರ ಜೊತೆಗಾರರು ಯಾರು?"

"ಯಾರೂ ಇಲ್ರೀ ಸಾಹೇಬ್ರ. ನಾ ಒಬ್ಬನ."

"ಹಂಗ ಬರಂಗಿಲ್ಲಪ್ಪ. ಕಾನೂನು ಐತಿ."

"ಹಂಗಾರ ಆ ಕಾನೂನು ಎಲ್ಲಾರಿಗೂ ಕೇಳಂಗ ಓದ್ರೀ."

ಸಾಹೇಬರು ನಿಯಮದ ಪುಸ್ತಕ ತೆಗೆದು ದೊಡ್ಡ ದನಿಯಲ್ಲಿ ಓದಿದರು: "ಕಣ್ಣು ಕಾಣದ ಮತದಾರನು ಜೊತೆಗಾರನೊಬ್ಬನನ್ನು ಕರೆದುಕೊಂಡು ಹೋಗಬಹುದು."

"ಕಡೀ ಮಾತು ಇನ್ನೊಮ್ಮೆ ಓದ್ರೀ."

"ಹೋಗಬಹುದು."

"ಹೋಗಬೇಕು ಅಂತ ಐತೇನ್ರೀ?"

ಸಾಹೇಬರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. "ಇಲ್ಲ. ಬಹುದು ಅಂತನ ಐತಿ."

"ಬಹುದು ಅಂದ್ರ ನನ್ನ ಮರ್ಜಿ. ನನಗ ಬ್ಯಾಡ್ರೀ."

ಭಲೇ ಕನಕರಾಯ! ಇಷ್ಟು ವರ್ಷ ಅದೇ ಪುಸ್ತಕ ಓದಿದವರಿಗೆ ಕಾಣದೇ ಇದ್ದದ್ದು ಅವನಿಗೆ ಕಂಡಿತ್ತು. ಸಾಹೇಬರೇ ಚೀಟಿಯಲ್ಲಿದ್ದ ಮೂರೂ ಹೆಸರು ಓದಿ ಹೇಳಿದರು. ಮೇಲೆ ಗ್ಯಾನಮ್ಮ, ನಡುವೆ ಮಾಸುಂಬಿ, ಕೆಳಗೆ ಯಮನಮ್ಮ. ಚೀಟಿ ಪುಸ್ತಕದಿಂದ ಹರಿದ ಅಂಚು ಮೇಲಿನ ಕಡೆಗಿದೆ ಎಂದೂ ತಿಳಿಸಿದರು. ಕನಕರಾಯ ಪರದೆಯ ಹಿಂದೆ ಹೋಗಿ ಚೀಟಿಯನ್ನು ಸರಿಯಾಗಿ ಮೂರು ಮಡಿಕೆ ಮಾಡಿ ಬಿಚ್ಚಿದ. ಪೊಟ್ಟಣ ಕಟ್ಟುವ ಬೆರಳಿಗೆ ಅದೇನು ಮಹಾ! ಕೆಳಗಿನ ಮಡಿಕೆಯ ನಟ್ಟನಡುವೆ ಮುದ್ರೆ ಒತ್ತಿ, ಪೆಟ್ಟಿಗೆಗೆ ಹಾಕಿ, ಒಂದೇ ತೋಳಿನ ಅಂಗಿಯಲ್ಲಿ ಎದೆ ಸೆಟೆಸಿಕೊಂಡು ಹೊರಬಂದ. ಪೀರ್‌ಸಾಬ್ ಕೂಡ "ಶಾಬಾಸ್!" ಅಂದ. ಯಮನಮ್ಮ ಮಾತ್ರ ಗೊಣಗುತ್ತಲೇ ತನ್ನ ವೋಟು ಹಾಕಲು ಒಳಗೆ ಹೋದಳು.

ಸಂಜೆ ಅಲ್ಲೇ ಎಣಿಕೆ ಆಯಿತು. ಮಾಸುಂಬಿಗೆ ಎಪ್ಪತ್ತೊಂದು. ಯಮನಮ್ಮನಿಗೆ ಎಪ್ಪತ್ತು. ಗ್ಯಾನಮ್ಮನಿಗೆ ಮೂವತ್ತೆಂಟು. ಕೆಟ್ಟುಹೋದ ಚೀಟಿ ಒಂದು.

"ಆ ಕೆಟ್ಟದ್ದು ಕನಕರಾಯಂದ!" ಅಂತ ಊರಿಗೆ ಊರೇ ಕೂಗಿತು.

"ಅದೊಂದು ಸರಿ ಬಿದ್ದಿದ್ರ ಸಮಾ ಆಗ್ತಿತ್ತು! ಬಡಕೊಂಡೆ, ಕೇಳಲಿಲ್ಲ ಈ ಮನಷ್ಯಾ!" ಯಮನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಪೀರ್‌ಸಾಬ್ ಬಂದು ತಬ್ಬಿಕೊಂಡ. "ಕನಕಣ್ಣ, ನಿನ್ನ ಉಪಕಾರ ಮರಿಯಂಗಿಲ್ಲ. ಹೊಸಾ ಅಂಗಿ ಪುಕ್ಕಟ ಹೊಲಕೊಡ್ತೀನಿ."

ಬೈಗುಳಕ್ಕಿಂತ ಆ ಉಪಕಾರವೇ ಕನಕರಾಯನಿಗೆ ಚುಚ್ಚಿತು. ಕೋಲೂರಿ ಎದ್ದುನಿಂತ. "ಸಾಹೇಬ್ರ, ಆ ಕೆಟ್ಟ ಚೀಟಿ ಎಲ್ಲಾರಿಗೂ ತೋರ್ಸ್ರೀ. ನಂದಾಗಿದ್ರ ಈ ಜಲ್ಮದಾಗ ಮತ್ತ ವೋಟಿನ ಸುದ್ದಿ ಎತ್ತಂಗಿಲ್ಲ."

ಸಾಹೇಬರು ಚೀಟಿ ಎತ್ತಿ ಹಿಡಿದರು. "ಮುದ್ರಿ ಯಮನಮ್ಮನ ಗುರುತಿನ ಮ್ಯಾಲೆ ಸರಿಯಾಗೇ ಬಿದ್ದೈತಿ. ಆದ್ರ ಮಗ್ಗಲಿಗೆ ಪೆನ್ನಿಲೆ ಏನೋ ಬರದಾರ. ಬರದ್ರ ಚೀಟಿ ರದ್ದು."

"ಏನು ಬರದಾರ್ರೀ?"

ಸೊಟ್ಟ ಸೊಟ್ಟ ಅಕ್ಷರ. ಸಾಹೇಬರು ಕೂಡಿಸಿ ಕೂಡಿಸಿ ಓದಿದರು: "ಯ...ಮ...ನಮ್ಮ. ಗಂಡ ಕನಕರಾಯ."

ಎಲ್ಲರ ಮುಖವೂ ಯಮನಮ್ಮನ ಕಡೆ ತಿರುಗಿತು.

"ಮತ್ತೇನ್ ಮಾಡ್ಲೆಪ್ಪಾ?" ಅವಳು ಗದರಿದಳು. "ಈತ ಒಬ್ಬನ ಹೋಗಿ ಚೀಟಿ ಕೆಡಿಸ್ಯಾನಂತ ಜೀವ ಹೊಡಕೊಳ್ಳಾಕತ್ತಿತ್ತು. ಆ ಕೆಟ್ಟ ಚೀಟಿ ಜೋಡಿ ನಂದು ಕಲಸಬಾರ್ದಂತ ಗುರುತಿಗೆ ಹೆಸರು ಬರದೆ. ಸಾಕ್ಷರತಾ ಕ್ಲಾಸಿನ್ಯಾಗ ಆರು ತಿಂಗಳು ಕಲ್ತದ್ದು ಎದಕ್ಕ ಮತ್ತ!"

ನಕ್ಕು ನಕ್ಕು ಸಾಹೇಬರ ಕನ್ನಡಕವೇ ಜಾರಿ ಬಿತ್ತು. ಯಮನಮ್ಮ ದುಮುಗುಡುತ್ತ ಮನೆಯ ಹಾದಿ ಹಿಡಿದಳು. ಬಾಗಿಲಿಗೆ ಬಂದವಳು ತಿರುಗಿ ನಿಂತಳು.

"ನೀ ಸುಮ್ಮನ ನನ್ನ ಕರಕೊಂಡು ಹೋಗಿದ್ರ ನಾ ಯಾಕ ಬರೀತಿದ್ದೆ? ಸೋತದ್ದು ನಿನ್ನಿಂದನ!"

ವಿಚಾರ ಮಾಡಿದರೆ ಅದೂ ಖರೇನೇ. ಅವಳು ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ರೊಟ್ಟಿಯೂ ಒಳಗೇ ಉಳಿಯಿತು.

ಹೊಟ್ಟೆ ಚುರುಗುಟ್ಟುತ್ತಿದ್ದರೂ ಕನಕರಾಯ ಕಟ್ಟೆಯ ಮೇಲೆ ರಾಜನಂತೆ ಕೂತ. ಓಣಿಯಲ್ಲಿ ಹೆಜ್ಜೆ ಸಪ್ಪಳ ಕೇಳಿದಾಗೊಮ್ಮೆ ಕರೆದು ಹೇಳಿದ: "ನಮ್ಮಾಕಿಗೆ ಬಿದ್ದ ಎಪ್ಪತ್ತರಾಗ ಒಂದು ನಂದ್ರೀ! ಆಕೀದ ಇಲ್ಲ!"